‘ಸರ್’ ಪದಕ್ಕೆ ಎಲ್ಲಿ ಜಾಗ?

ಎಲ್ಲರಿಗೂ ನಮಸ್ಕಾರ.

ಬಸ್ಸಿನ ಕಂಡಕ್ಟರಿಗೂ ‘ಸರ್’, ಕಾಲೇಜಿನ ಪ್ರಾಂಶುಪಾಲರಿಗೂ ‘ಸರ್’. ಇಷ್ಟು ಬಳಕೆಯ ಪದ ಲ್ಯಾಟಿನ್ನಿನಲ್ಲಿ ‘ವಯಸ್ಸಿನಲ್ಲಿ ದೊಡ್ಡವನು’ ಎಂಬ ಅರ್ಥದ ಮಾತಿನಿಂದ ಹುಟ್ಟಿ, ಫ್ರೆಂಚಿನಲ್ಲಿ ಸವೆದು ಇಂಗ್ಲಿಷಿಗೆ ಬಂದದ್ದು. ‘ಸೀನಿಯರ್’ ಕೂಡ ಅದೇ ಬೇರಿನದು. ಹಾಗಾಗಿ ನಮ್ಮ ‘ಹಿರಿಯರೇ’ ಎಂಬುದು ಇದಕ್ಕೆ ಬಹಳ ಹತ್ತಿರ.

ಇಂಗ್ಲಿಷಿನಲ್ಲಿ ಈ ಪದಕ್ಕೆ ಎರಡು ಕೆಲಸ. ಒಂದು, ಬಿರುದು. ಬ್ರಿಟನ್ನಿನ ರಾಜಮನೆತನ ನೈಟ್ ಪದವಿ ಕೊಟ್ಟವರ ಹೆಸರಿಗೆ ಮೊದಲು ‘ಸರ್’ ಸೇರುತ್ತದೆ. ಅದು ಅಂಟುವುದು ಸ್ವಂತ ಹೆಸರಿಗೆ, ಮನೆತನದ ಹೆಸರೊಂದಕ್ಕೇ ಅಲ್ಲ. ‘ಸರ್ ಐಸಾಕ್’ ಸರಿ, ‘ಸರ್ ನ್ಯೂಟನ್’ ತಪ್ಪು. ನಮ್ಮಲ್ಲಿ ಹೆಸರಿನ ಕ್ರಮವೇ ಬೇರೆಯಾದ್ದರಿಂದ ಇಲ್ಲೊಂದು ಸ್ವಾರಸ್ಯವಿದೆ. ವಿಶ್ವೇಶ್ವರಯ್ಯನವರಿಗೆ ಈ ಗೌರವ ಸಂದದ್ದು 1915ರಲ್ಲಿ. ‘ಮೋಕ್ಷಗುಂಡಂ’ ಪೂರ್ವಿಕರ ಊರು, ‘ವಿಶ್ವೇಶ್ವರಯ್ಯ’ ಅವರದೇ ಹೆಸರು. ಆದ್ದರಿಂದ ‘ಸರ್ ವಿಶ್ವೇಶ್ವರಯ್ಯ’ ಎಂದರೆ ಇಂಗ್ಲಿಷಿನ ನಿಯಮಕ್ಕೂ ಭಂಗವಿಲ್ಲ. ಅದೇ ವರ್ಷ ನೈಟ್ ಆದ ರವೀಂದ್ರನಾಥ ಟಾಗೋರರು 1919ರಲ್ಲಿ ಜಲಿಯನ್‌ವಾಲಾಬಾಗ್ ಹತ್ಯಾಕಾಂಡವನ್ನು ಪ್ರತಿಭಟಿಸಿ ಅದನ್ನು ತ್ಯಜಿಸಿದರು. ಈಗಂತೂ ಸಂವಿಧಾನದ 18ನೇ ವಿಧಿಯಂತೆ ಭಾರತದ ಪ್ರಜೆ ವಿದೇಶಿ ಬಿರುದು ಪಡೆಯುವಂತಿಲ್ಲ.

ಎರಡನೆಯ ಕೆಲಸ, ಸಂಬೋಧನೆ. ಇಲ್ಲಿ ಹೆಸರು ಜೊತೆಗಿರುವುದಿಲ್ಲ. ‘ಯೆಸ್, ಸರ್’, ಅಷ್ಟೇ. ‘ರಮೇಶ್ ಸರ್ ಬಂದರು’ ಎನ್ನುವುದು ನಾವು ಕಟ್ಟಿಕೊಂಡ ಮೂರನೆಯ ಬಳಕೆ. ‘ಮೇಷ್ಟ್ರು’, ‘ಅವರು’ ಹೆಸರಿನ ನಂತರ ಬರುವಂತೆ ‘ಸರ್’ ಕೂಡ ಬಂದು ಕೂತಿದೆ, ಕ್ರಿಯಾಪದಕ್ಕೆ ಬಹುವಚನವನ್ನೂ ತಂದಿದೆ. ಕನ್ನಡದಲ್ಲಿ ಇದು ಪೂರ್ತಿ ಸರಿ, ನಾಚಬೇಕಾದ್ದೇನೂ ಇಲ್ಲ. ಎಡವುವುದು ಇದನ್ನೇ ತಿರುಗಿಸಿ ಹೊರದೇಶದವರಿಗೆ ‘ಸರ್ ರಮೇಶ್’ ಎಂದು ಬರೆದಾಗ. ಓದಿದವರು ರಮೇಶರಿಗೆ ನೈಟ್ ಪದವಿ ಬಂದಿದೆ ಎಂದುಕೊಳ್ಳುತ್ತಾರೆ. ಅಲ್ಲಿ ‘ಮಿಸ್ಟರ್’ ಜೊತೆ ಮನೆತನದ ಹೆಸರು ಬರೆದರೆ ಸಾಕು.

ಹೆಚ್ಚು ಗೊಂದಲ ಪತ್ರದಲ್ಲಿ. ‘ರೆಸ್ಪೆಕ್ಟೆಡ್ ಸರ್’ ನಮ್ಮ ‘ಮಾನ್ಯರೇ’ ಜಾಗದಲ್ಲಿ ನಿಂತ ಭಾರತದ ಬಳಕೆ. ಇಲ್ಲಿನ ಕಚೇರಿಗೆ ಧಾರಾಳವಾಗಿ ಬರೆಯಿರಿ. ಲಂಡನ್ನಿನ ವಿಶ್ವವಿದ್ಯಾಲಯಕ್ಕಾದರೆ ‘ಡಿಯರ್’ ಎಂದೇ ಶುರುಮಾಡಿ. ‘ಡಿಯರ್’ ಎಂದರೆ ಸಲಿಗೆಯಾದೀತೆಂಬ ಅಳುಕು ಬೇಡ. ಪತ್ರದಲ್ಲಿ ಅದು ಬರೀ ರೂಢಿ. ಹೆಸರು ಗೊತ್ತಿಲ್ಲದಿದ್ದರೆ ‘ಡಿಯರ್ ಸರ್ ಆರ್ ಮೇಡಂ’ ಎಂದು ತೊಡಗಿ, ‘ಯುವರ್ಸ್ ಫೇತ್‌ಫುಲಿ’ ಎಂದು ಮುಗಿಸಬೇಕು. ಹೆಸರು ಹಿಡಿದು ಬರೆದರೆ ಕೊನೆಗೆ ‘ಯುವರ್ಸ್ ಸಿನ್ಸಿಯರ್ಲಿ’. ಹಳೆಯ ಅರ್ಜಿಯನ್ನೇ ನಕಲು ಮಾಡುವಾಗ ‘ಸರ್/ಮೇಡಂ’ ಹಾಗೇ ಉಳಿದುಬಿಡುತ್ತದೆ. ಓದುವವರು ಮಹಿಳೆ ಎಂದು ಗೊತ್ತಿದ್ದೂ ಹಾಗೆ ಬಿಟ್ಟರೆ ಅದು ಅಗೌರವವೇ. ಪ್ರತಿ ವಾಕ್ಯಕ್ಕೂ ‘ಸರ್’ ಸೇರಿಸುವುದೂ ಬೇಡ, ವಿಷಯವೇ ಮುಚ್ಚಿಹೋಗುತ್ತದೆ.

ಇನ್ನು ನ್ಯಾಯಾಲಯ. ‘ಮೈ ಲಾರ್ಡ್’ ವಸಾಹತು ಕಾಲದ್ದೆಂದು ಭಾರತೀಯ ವಕೀಲರ ಪರಿಷತ್ತು 2006ರಲ್ಲಿ ನಿಯಮ ಮಾಡಿತು. ಸುಪ್ರೀಂ ಕೋರ್ಟು, ಹೈಕೋರ್ಟುಗಳಲ್ಲಿ ‘ಯುವರ್ ಆನರ್’ ಅಥವಾ ‘ಆನರಬಲ್ ಕೋರ್ಟ್’ ಎನ್ನಬೇಕೆಂದು ಆಗ ಹೇಳಿತ್ತು. ಕೆಳಗಿನ ನ್ಯಾಯಾಲಯಗಳಲ್ಲಿ ‘ಸರ್’, ಇಲ್ಲವೇ ಆಯಾ ಪ್ರದೇಶದ ಭಾಷೆಯಲ್ಲಿ ಅದಕ್ಕೆ ಸಮನಾದ ಪದ. ಅಂದರೆ ತಾಲ್ಲೂಕಿನ ಕೋರ್ಟಿನಲ್ಲಿ ವಕೀಲರು ‘ಸ್ವಾಮಿ’ ಎಂದು ವಾದ ಶುರುಮಾಡಿದರೂ ಅದು ನಿಯಮದೊಳಗೇ ಇದೆ.