ಅಮ್ಮ, ಮಗಳು ಮತ್ತು ಬ್ರಾಡ್‌ವೇ ಸರ್ಕಸ್

ಎಲ್ಲರಿಗೂ ನಮಸ್ಕಾರ. ಥಿಯೇಟರ್ ಒಳಗೆ ಶೂಟ್ ಮಾಡೋ ಹಾಗಿಲ್ಲ. ಅದಕ್ಕೆ ಈ ವಿಡಿಯೊದಲ್ಲಿ ನಿಮಗೆ ಕಾಣೋದು ಬೀದಿ, ಬೋರ್ಡು, ನಮ್ಮ ಮುಖಗಳು ಅಷ್ಟೇ. ಒಳಗೆ ನೋಡಿದ್ದನ್ನು ನಾನು ಬಾಯಲ್ಲೇ ಹೇಳುತ್ತೇನೆ.

ಇದು ನ್ಯೂಯಾರ್ಕಿನ ನಾಟಕಗಳ ಬಡಾವಣೆ ಬ್ರಾಡ್‌ವೇ, 45ನೇ ಬೀದಿ, ಇಂಪೀರಿಯಲ್ ಥಿಯೇಟರ್. ನಾವು ನೋಡಿದ್ದು 2024ರ ಮಾರ್ಚ್ 21ರಿಂದ ಡಿಸೆಂಬರ್ 8ರವರೆಗೆ ಇಲ್ಲಿ ನಡೆದ ಮ್ಯೂಸಿಕಲ್, ಅಂದರೆ ಹಾಡು ಕುಣಿತದ ನಾಟಕ, ‘ವಾಟರ್ ಫಾರ್ ಎಲಿಫೆಂಟ್ಸ್’. 1931ರ ಕಥೆ. ಅಪ್ಪ ಅಮ್ಮನನ್ನು ಕಳೆದುಕೊಂಡ ಹುಡುಗ, ಪ್ರಾಣಿ ವೈದ್ಯಕೀಯ ಓದುತ್ತಿದ್ದವನು, ರೈಲು ಹತ್ತುತ್ತಾನೆ. ಅದು ಸರ್ಕಸ್ಸಿನ ರೈಲು. ಬರುವಾಗ ನ್ಯೂಜೆರ್ಸಿ ಟ್ರೈನಿನಲ್ಲೇ ಅಮ್ಮನಿಗೆ ಇಷ್ಟು ಹೇಳಿದ್ದೆ. ಅಮ್ಮ ದಾವಣಗೆರೆಯಿಂದ ಬಂದಿದ್ದಾರೆ, ಇಂಗ್ಲಿಷ್ ಅಷ್ಟಕ್ಕಷ್ಟೇ. ಅರ್ಥವಾಗದೆ ಬೇಜಾರಾಗುತ್ತಾರೇನೋ ಅಂತ ಸ್ವಲ್ಪ ಅಳುಕಿತ್ತು.

ಆದರೆ ಪರದೆ ಎದ್ದ ಮೇಲೆ ನನ್ನ ಪಿಸುಮಾತು ಅವರಿಗೆ ಬೇಕಾಗಲೇ ಇಲ್ಲ. ಕೆಲಸದ ಆಳುಗಳು ಡೇರೆ ಎಬ್ಬಿಸುತ್ತಾ ಹಾಡುತ್ತಾರೆ, ಹಾಡುತ್ತಲೇ ಒಬ್ಬರನ್ನೊಬ್ಬರು ಮೇಲಕ್ಕೆ ಎಸೆಯುತ್ತಾರೆ. ಈ ಕಸರತ್ತೆಲ್ಲ ಮಾಂಟ್ರಿಯಲ್‌ನ ‘ದ ಸೆವೆನ್ ಫಿಂಗರ್ಸ್’ ಸರ್ಕಸ್ ತಂಡದ ಶಾನಾ ಕ್ಯಾರೊಲ್ ಅವರ ಕೈಚಳಕ.

ನನ್ನ ಮನಸ್ಸಿನಲ್ಲಿ ಉಳಿದಿದ್ದು ಕುದುರೆ. ಕಾಯಿಲೆ ಬಿದ್ದ ಬಿಳಿ ಕುದುರೆ ಅದು. ವೇದಿಕೆಯ ಮೇಲೆ ಒಡತಿ ಅದಕ್ಕೆ ಸಮಾಧಾನವಾಗಲಿ ಅಂತ ಹಾಡುತ್ತಿದ್ದಾಳೆ. ಕುದುರೆಯ ಪಾತ್ರದವನು ಮೇಲಿಂದ ಇಳಿಬಿಟ್ಟ ಬಿಳಿ ಬಟ್ಟೆ ಹಿಡಿದು ಏರುತ್ತಾನೆ. ಬಟ್ಟೆಯನ್ನು ಕಾಲಿಗೆ, ಸೊಂಟಕ್ಕೆ ಸುತ್ತಿಕೊಳ್ಳುತ್ತಾನೆ, ತಲೆಕೆಳಗಾಗಿ ತೂಗುತ್ತಾನೆ, ಸುತ್ತು ಬಿಚ್ಚಿಕೊಂಡು ಸರ್ರನೆ ಜಾರುತ್ತಾನೆ. ಅವನ ಬೆನ್ನಿನ ಒಂದೊಂದು ಸ್ನಾಯುವೂ ನಡುಗಿದ ಹಾಗಿತ್ತು. ಅಲ್ಲಿ ನಿಜವಾದ ಕುದುರೆ ಇಲ್ಲ. ಆದರೂ ಒಂದು ಪ್ರಾಣಿಯ ಸಂಕಟ ಕಣ್ಣೆದುರಿಗಿತ್ತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆನೆ ರೋಸಿಯನ್ನು ಒಂದೇ ಸಲ ತೋರಿಸುವುದಿಲ್ಲ. ಮೊದಲು ಸೊಂಡಿಲು, ಕಿವಿ. ಆಮೇಲೆ ಪೂರ್ತಿ ಆನೆ, ಒಳಗೆ ನಿಂತು ನಡೆಸುವವರ ಕಾಲು ಕಾಣುವ ದೊಡ್ಡ ಬೊಂಬೆ. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಯಾರ ಮಾತನ್ನೂ ಕೇಳದ ಆ ಆನೆಗೆ ಗೊತ್ತಿರೋದು ಪೋಲಿಷ್ ಭಾಷೆ ಮಾತ್ರ ಅಂತ ಕೊನೆಗೆ ಗೊತ್ತಾಗುತ್ತದೆ. ಅದನ್ನು ಹೇಳಿದಾಗ ಅಮ್ಮ, “ಪಾಪ ಕಣೇ, ಅದಕ್ಕೂ ಇಂಗ್ಲಿಷ್ ಬರಲ್ಲ ನೋಡು” ಅಂದರು.

ಇಂಟರ್ವಲ್‌ನಲ್ಲಿ ಅಮ್ಮ ಮಗಳಿಗೆ ಊರಿನ ಸರ್ಕಸ್ ಕಥೆ ಹೇಳಿದರು. ಬೋನಿನಲ್ಲಿದ್ದ ಹುಲಿ, ಸ್ಟೂಲ್ ಮೇಲೆ ಕೂತ ಆನೆ, ಚಾಟಿಯ ಸದ್ದು. “ಈಗ ಹುಲಿ ಇಲ್ವಾ ಅಜ್ಜಿ?” ಅಂದಳು. ಹುಲಿ, ಸಿಂಹ, ಕರಡಿಗಳನ್ನು ಆಡಿಸಬಾರದು ಅಂತ ಕೇಂದ್ರ ಸರ್ಕಾರ 1998ರಲ್ಲೇ ಆದೇಶ ಮಾಡಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಅಮೆರಿಕದ ರಿಂಗ್ಲಿಂಗ್ ಸರ್ಕಸ್ ಕೂಡ 2016ರಲ್ಲಿ ಆನೆಗಳನ್ನು ನಿವೃತ್ತಿ ಮಾಡಿತು, 2017ರಲ್ಲಿ ಮುಚ್ಚಿತು, 2023ರಲ್ಲಿ ಪ್ರಾಣಿಗಳೇ ಇಲ್ಲದೆ ವಾಪಸ್ ಬಂತು. ನನಗೆ ಈ ದಾರಿಯೇ ಸರಿ ಅನಿಸುತ್ತದೆ. ಮನುಷ್ಯರ ಮೈಯಲ್ಲೇ ಆನೆ, ಕುದುರೆ ಇಷ್ಟು ಚೆನ್ನಾಗಿ ಬರುವಾಗ ಚಾಟಿ ಯಾಕೆ ಬೇಕು, ಅಲ್ವಾ?

ಇಲ್ಲಿ ಈ ಆಟ ಮುಗಿದಿದೆ, ಬೇರೆಲ್ಲಾದರೂ ನೋಡೋಕೆ ಸಿಕ್ಕರೆ ಒಂದೆರಡು ಮಾತು. ಕಥೆಯಲ್ಲಿ ಹೊಡೆತ, ಸಾವು ಇದೆ, ತೀರಾ ಚಿಕ್ಕ ಮಕ್ಕಳು ಬೇಡ. ಸೀಟು ಮಾತ್ರ ಮೆಜನೈನ್‌ನ, ಅಂದರೆ ಮೇಲಿನ ಬಾಲ್ಕನಿಯ, ಮುಂದಿನ ಸಾಲುಗಳಲ್ಲಿ ನೋಡಿ. ಅರ್ಧ ಆಟ ನಡೆಯೋದು ಗಾಳಿಯಲ್ಲಿ, ಅಲ್ಲಿಂದ ಅದು ಕಣ್ಣಿಗೆ ನೇರ ಸಿಗುತ್ತದೆ.