ಮುಖ ಬಿಳಿಚಿಕೊಂಡ ತತ್ವಜ್ಞಾನಿ

ಎಲ್ಲರಿಗೂ ನಮಸ್ಕಾರ.

ಪ್ರಾಚೀನ ಗ್ರೀಸಿನಲ್ಲಿ ಹುಟ್ಟಿ ರೋಮಿನಲ್ಲಿ ಬೆಳೆದ ಸ್ಟೋಯಿಕ್ ತತ್ವಜ್ಞಾನ ಅಂದ ಕೂಡಲೇ ನಗದ, ಅಳದ, ಯಾವುದಕ್ಕೂ ಜಪ್ಪಯ್ಯ ಅನ್ನದ ಒಬ್ಬ ಮನುಷ್ಯ ನಮ್ಮ ಕಣ್ಣ ಮುಂದೆ ಬಂದು ನಿಲ್ಲುತ್ತಾನೆ. ಅವನನ್ನು ಮೊದಲು ಕಳಿಸಿಬಿಡೋಣ. ಅದಕ್ಕೊಂದು ಹಡಗಿನ ಕತೆ ಇದೆ.

ಕ್ರಿ.ಶ. 2ನೇ ಶತಮಾನದ ರೋಮನ್ ಲೇಖಕ ಆಲಸ್ ಗೆಲಿಯಸ್ ಸಮುದ್ರದ ಮೇಲೆ ಇಟಲಿಯತ್ತ ಹೋಗುತ್ತಿದ್ದಾಗ ಬಿರುಗಾಳಿ ಎದ್ದಿತು. ಅದೇ ಹಡಗಿನಲ್ಲಿ ಹೆಸರಾಂತ ಸ್ಟೋಯಿಕ್ ಗುರುವೊಬ್ಬನಿದ್ದ. ಇವನು ಹೇಗಿದ್ದಾನೋ ನೋಡೋಣ ಎಂದು ಗೆಲಿಯಸ್ ಕಣ್ಣು ಹಾಯಿಸಿದರೆ, ಗುರುವಿನ ಮುಖವೂ ಬಿಳಿಚಿಕೊಂಡಿತ್ತು! ಉಳಿದವರ ಹಾಗೆ ಗೋಳಾಡುತ್ತಿರಲಿಲ್ಲ, ಅಷ್ಟೇ. ಗಾಳಿ ಇಳಿದ ಮೇಲೆ ಸಿರಿವಂತ ಪ್ರಯಾಣಿಕನೊಬ್ಬ ಬಂದು ಗೇಲಿ ಮಾಡಿದ. ಗೆಲಿಯಸ್ ಮಾತ್ರ ತಿಳಿಯುವ ಆಸೆಯಿಂದ ಕಾರಣ ಕೇಳಿದ. ಗುರು ತನ್ನ ಚೀಲದಿಂದ ಸ್ಟೋಯಿಕ್ ತತ್ವಜ್ಞಾನಿ ಎಪಿಕ್ಟೆಟಸ್‌ನ ಪುಸ್ತಕವೊಂದನ್ನು ತೆಗೆದುಕೊಟ್ಟ. ಅದರಲ್ಲಿದ್ದದ್ದು ಇಷ್ಟು: ಅಪಾಯ ದಿಢೀರನೆ ಎದುರಾದರೆ ಜ್ಞಾನಿಯೂ ಬೆಚ್ಚುತ್ತಾನೆ, ಅದು ಅವನ ಕೈಯಲ್ಲಿಲ್ಲ. ಆದರೆ ಆ ಬೆಚ್ಚುವಿಕೆ ಹೇಳಿದ್ದಕ್ಕೆಲ್ಲ ಅವನು ಹೂಂ ಅನ್ನುವುದಿಲ್ಲ.

ನನ್ನ ಮಟ್ಟಿಗೆ ಇಡೀ ಸ್ಟೋಯಿಕ್ ಮನಶ್ಶಾಸ್ತ್ರ ಈ 'ಹೂಂ' ಅನ್ನುವ ಕ್ಷಣದಲ್ಲೇ ಇದೆ. ರೋಮಿನ ಸ್ಟೋಯಿಕ್ ತತ್ವಜ್ಞಾನಿ ಸೆನೆಕಾ ಕೋಪದ ಬಗ್ಗೆ ಬರೆದ ಗ್ರಂಥದಲ್ಲಿ ಇದನ್ನು ಮೂರು ಹಂತ ಮಾಡುತ್ತಾನೆ. ಮೊದಲನೆಯದು ತಾನಾಗಿ ಏಳುವ ತಳಮಳ. ಎರಡನೆಯದು 'ನನಗೆ ಅನ್ಯಾಯವಾಗಿದೆ, ಸೇಡು ತೀರಿಸಬೇಕು' ಎಂದು ಮನಸ್ಸು ಒಪ್ಪುವುದು. ಮೂರನೆಯದರಲ್ಲಿ ಕೋಪ ಕೈಮೀರಿರುತ್ತದೆ, ಮಾತು ಕೇಳುವವರು ಒಳಗೆ ಯಾರೂ ಉಳಿದಿರುವುದಿಲ್ಲ.

ನಮ್ಮ ದಿನಗಳಿಂದಲೇ ಒಂದನ್ನು ಎತ್ತಿಕೊಳ್ಳಿ. ಗೆಳೆಯನಿಗೆ ಮೆಸೇಜು ಕಳಿಸಿದಿರಿ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಎದೆ ಧಸಕ್ಕೆಂದಿತು. ಇಲ್ಲಿಯವರೆಗೆ ನಿಮ್ಮ ತಪ್ಪೇನೂ ಇಲ್ಲ. ಮುಂದಿನ ವಾಕ್ಯ ನೋಡಿ: 'ಬೇಕಂತಲೇ ಮಾಡುತ್ತಿದ್ದಾನೆ.' ಇದನ್ನು ಯಾರು ಹೇಳಿದರು? ಫೋನಂತೂ ಹೇಳಲಿಲ್ಲ. ಅದಕ್ಕೆ ಹೂಂ ಅಂದಿರೋ, ಅರ್ಧ ಗಂಟೆಯಲ್ಲಿ ಹಳೆಯದೆಲ್ಲ ಎದ್ದು ಬರುತ್ತದೆ. ಅಂದು ಹಾಗಂದಿದ್ದ, ಇಂದು ಹೀಗೆ ಮಾಡಿದ. ಕೊನೆಗೆ ನೀವು ಕಳಿಸುವ ಖಾರದ ಎರಡು ಸಾಲಿಗೂ ಆ ನೀಲಿ ಟಿಕ್ಕಿಗೂ ಸಂಬಂಧವೇ ಇರುವುದಿಲ್ಲ. ಕೋಪಕ್ಕೆ ತಡಮಾಡುವುದೇ ದೊಡ್ಡ ಮದ್ದು ಎಂದು ಸೆನೆಕಾ ಹೇಳಿದ್ದು ಇದಕ್ಕೇ. ಬೇಕಾದರೆ ಉತ್ತರ ಬರೆಯಿರಿ, ಕಳಿಸಬೇಡಿ. ಕಾಗದದ ಮೇಲೆ ನಡೆದದ್ದನ್ನಷ್ಟೇ ಒಂದು ಸಾಲಿನಲ್ಲಿ ಬರೆದು, ನೀವು ಸೇರಿಸಿದ್ದನ್ನು ಅದರ ಕೆಳಗೆ ಬರೆಯಿರಿ. ಕೆಳಗಿನದ್ದೇ ಉದ್ದವಾಗಿರುತ್ತದೆ.

1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್, ಆಮೇಲೆ ಅಲ್ಲಿಯದೇ ಮನೋವೈದ್ಯ ಆರನ್ ಬೆಕ್ ರೂಪಿಸಿದ ಮನೋಚಿಕಿತ್ಸೆಗಳ ಬೇರು ಇಲ್ಲೇ ಇದೆ. ಇಬ್ಬರೂ ಆ ಋಣವನ್ನು ಒಪ್ಪಿಕೊಂಡವರು. ಹಾಗೆಂದು ಖಿನ್ನತೆಗೆ ಸೆನೆಕಾನನ್ನು ಓದಿಕೊಂಡು ಕೂರಬೇಡಿ, ವೈದ್ಯರ ಹತ್ತಿರ ಹೋಗಿ.

ಸ್ಟೋಯಿಕರು ಹೇಳಿದ್ದೆಲ್ಲ ನನಗೆ ಒಪ್ಪಿಗೆಯೂ ಇಲ್ಲ. ಮಗುವಿಗೆ ಮುತ್ತಿಡುವಾಗ 'ಇದು ಸಾಯುವ ಜೀವ' ಎಂದು ನೆನೆಸಿಕೋ ಎನ್ನುತ್ತಾನೆ ಎಪಿಕ್ಟೆಟಸ್. ತರ್ಕ ಸರಿಯೇ ಇರಬಹುದು, ನನಗಂತೂ ಗಂಟಲಲ್ಲಿ ಇಳಿಯುವುದಿಲ್ಲ. ಇನ್ನೂ ಬೇಸರದ ಸಂಗತಿಯೆಂದರೆ, ಅನ್ಯಾಯಕ್ಕೊಳಗಾದವರಿಗೆ 'ಎಲ್ಲ ನಿನ್ನ ಮನಸ್ಸಿನಲ್ಲಿದೆ' ಎಂದು ಬಾಯಿ ಮುಚ್ಚಿಸಲು ಈ ಮಾತುಗಳನ್ನು ಬಳಸುವುದು. ಸ್ಟೋಯಿಕರ ಪಾಲಿಗೆ ನ್ಯಾಯ ನಾಲ್ಕು ಮುಖ್ಯ ಸದ್ಗುಣಗಳಲ್ಲೊಂದು. ಕೋಪವಿಲ್ಲದೆಯೂ ಅನ್ಯಾಯವನ್ನು ಎದುರಿಸಬಹುದು, ಎದುರಿಸಬೇಕು ಎಂಬುದು ಅವರ ನಿಲುವು.

ದುಃಖದ ವಿಷಯದಲ್ಲಿ ಅವರು ನಾವಂದುಕೊಂಡಷ್ಟು ಒರಟರಲ್ಲ. ಕ್ರಿ.ಶ. 41ರಲ್ಲಿ ಸೆನೆಕಾನನ್ನು ಕಾರ್ಸಿಕಾ ದ್ವೀಪಕ್ಕೆ ಗಡಿಪಾರು ಮಾಡಿದರು. ತಾಯಿ ಹೆಲ್ವಿಯಾಗೆ ಅವನು ಸಾಂತ್ವನದ ಪತ್ರ ಬರೆದ, ಆದರೆ ಕೂಡಲೇ ಬರೆಯಲಿಲ್ಲ. ಹಸಿ ದುಃಖಕ್ಕೆ ಅವಸರದ ಮದ್ದು ಹಾಕಿದರೆ ಅದು ಕೆರಳುತ್ತದೆ, ಅದಕ್ಕೇ ಕಾದೆ ಎಂದು ಪತ್ರದ ಆರಂಭದಲ್ಲೇ ಹೇಳಿಕೊಂಡಿದ್ದಾನೆ. ಸಾವಿನ ಮನೆಗೆ ಅದೇ ಸಂಜೆ ಸ್ಟೋಯಿಕ್ ಸುಭಾಷಿತ ಫಾರ್ವರ್ಡ್ ಮಾಡುವವರು ಈ ಪತ್ರವನ್ನೊಮ್ಮೆ ಓದಬೇಕು.