ಗೋಬಿ ಮಂಚೂರಿ: ಎಣ್ಣೆಗಿಂತ ಮೊದಲು ಸಾಸ್ ಬಾಟಲಿ ನೋಡಿ

ನಮಸ್ಕಾರ. ಇವತ್ತು ಮನೆಯಲ್ಲಿ ಮಾಡೋ ಗೋಬಿ ಮಂಚೂರಿ ಬಗ್ಗೆ ಮಾತಾಡೋಣ. ಆರೋಗ್ಯಕರ ಗೋಬಿ ಅಂತ ಹುಡುಕಿದ್ರೆ ಬರೋ ವಿಡಿಯೋಗಳಲ್ಲಿ ಹೆಚ್ಚಿನವು ಎಣ್ಣೆ ಹಿಂದೆ ಬಿದ್ದಿವೆ. ಕರೀಬೇಡಿ, ಬೇಕ್ ಮಾಡಿ, ಏರ್ ಫ್ರೈಯರ್‌ಗೆ ಹಾಕಿ ಅಂತಾರೆ. ಆಮೇಲೆ ಅದೇ ಕೈಯಲ್ಲಿ ಎರಡು ಟೇಬಲ್ ಸ್ಪೂನ್ ಸೋಯಾ ಸಾಸ್ ಸುರೀತಾರೆ, ಜೊತೆಗೆ ಚಿಲ್ಲಿ ಸಾಸ್, ಕೆಚಪ್, ಮೇಲೊಂದು ಚಮಚ ಉಪ್ಪು. ನನ್ನ ತಕರಾರು ಇರೋದು ಇಲ್ಲೇ.

ಲೆಕ್ಕ ಹಾಕಿ ನೋಡಿ. ಒಂದು ಟೇಬಲ್ ಸ್ಪೂನ್, ಅಂದ್ರೆ 15 ಎಂಎಲ್ ಸೋಯಾ ಸಾಸ್‌ನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತೆ. ಎರಡು ಹಾಕಿದ್ರೆ 1800. ಒಂದು ಟೀ ಸ್ಪೂನ್ ಉಪ್ಪಲ್ಲಿ ಇನ್ನೊಂದು 2300. ಚಿಲ್ಲಿ ಸಾಸ್, ಕೆಚಪ್ ಬಿಟ್ರೂ ಬಾಣಲೆಯಲ್ಲಿ 4000 ದಾಟಿತು. ನಾಲ್ಕು ಜನ ಹಂಚಿಕೊಂಡ್ರೂ ತಲೆಗೆ ಸಾವಿರದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳೋದು 2000ಕ್ಕಿಂತ ಕಡಿಮೆ. ಸಂಜೆ ತಿಂಡಿ ಒಂದರಲ್ಲೇ ಅರ್ಧ ದಿನದ ಪಾಲು ಮುಗೀತು, ರಾತ್ರಿ ಸಾರು, ಉಪ್ಪಿನಕಾಯಿ, ಹಪ್ಪಳ ಇನ್ನೂ ಬಾಕಿ. ಮನೆಯಲ್ಲಿ ಬಿಪಿ ಇರೋವ್ರಿದ್ರೆ ಎಣ್ಣೆ ಜೊತೆಗೆ ಈ ಲೆಕ್ಕವನ್ನೂ ಖಂಡಿತ ನೋಡ್ಬೇಕು.

ಇನ್ನೊಂದು ಬಣ್ಣ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸ್ತು. ಪರೀಕ್ಷೆ ಮಾಡಿದ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಅದು ಗಾಡಿಯವರ ಕಥೆ, ನಮ್ಮನೇದಲ್ಲ ಅಂತ ನಾವು ನೆಮ್ಮದಿಯಾಗಿದ್ದೀವಿ. ಆದ್ರೆ ಪ್ಯಾಕೆಟ್ಟಲ್ಲಿ ಬರೋ ಮಂಚೂರಿ ಮಸಾಲೆ, ಕೆಂಪು ಚಿಲ್ಲಿ ಸಾಸ್ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ಅಲ್ಲಿರೋ ಸಂಖ್ಯೆಗಳು ಕೃತಕ ಬಣ್ಣಗಳವು: 102 ಅಂದ್ರೆ ಟಾರ್ಟ್ರಾಜಿನ್, 110 ಅಂದ್ರೆ ಸನ್‌ಸೆಟ್ ಯೆಲ್ಲೋ, 122 ಅಂದ್ರೆ ಕಾರ್ಮೊಸಿನ್. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮನೆಯಲ್ಲಿರುವಾಗ ಇವ್ಯಾವುದೂ ಬೇಕಿಲ್ಲ.

ಹಾಗಾದ್ರೆ ಹೇಗೆ ಮಾಡೋದು? ಮೊದಲು ಹೂಕೋಸು. ಬಿಡಿಸಿದ ಮೇಲೆ 400 ಗ್ರಾಂ ಇರಲಿ, ತುಂಡು ದೊಡ್ಡ ನಿಂಬೆಹಣ್ಣಿಗಿಂತ ಚಿಕ್ಕದಿರಲಿ. ಹುಳ ಹೋಗ್ಲಿ ಅಂತ ಹತ್ತು ನಿಮಿಷ ಕುದಿಸ್ತಾರೆ, ಅಲ್ಲೇ ಕೆಡೋದು. ಹೂವಿನ ಸಂದಿಯಲ್ಲೆಲ್ಲ ನೀರು ತುಂಬುತ್ತೆ, ಹಿಟ್ಟು ಅಂಟಲ್ಲ, ಅಂಟಿದ್ರೂ ಒಳಗಿನ ನೀರು ಆವಿಯಾಗಿ ಬಂದು ಐದು ನಿಮಿಷಕ್ಕೆ ಮೆತ್ತಗಾಗುತ್ತೆ. ಅರಿಶಿನ ಹಾಕಿದ ಬಿಸಿ ನೀರಲ್ಲಿ, ಒಲೆ ಮೇಲಿಡದೆ, ಹತ್ತು ನಿಮಿಷ ಮುಳುಗಿಸಿಡಿ. ಆಮೇಲೆ ಕುದಿಯೋ ನೀರಲ್ಲಿ ಎರಡೇ ನಿಮಿಷ. ಸೋಸಿ, ಹತ್ತಿ ಬಟ್ಟೆ ಮೇಲೆ ತಲೆಕೆಳಗಾಗಿ ಹರಡಿ, ಫ್ಯಾನ್ ಕೆಳಗೆ ಇಪ್ಪತ್ತು ನಿಮಿಷ ಬಿಡಿ. ಗರಿಗರಿ ಆಗೋದು ಬಿಡೋದು ಅರ್ಧ ಇಲ್ಲೇ ನಿರ್ಧಾರ ಆಗುತ್ತೆ.

ಇನ್ನು ಹಿಟ್ಟು. ಮೈದಾ ಬದಲು ಗೋಧಿ ಹಿಟ್ಟು ಅಂತ ಹೇಳೋವ್ರ ಮಾತು ಕೇಳ್ಬೇಡಿ. ಹೊದಿಕೆ ದಪ್ಪಗಾಗುತ್ತೆ, ಆರಿದ ಮೇಲೆ ಜಗಿಯೋಕಾಗಲ್ಲ. ಕಡಲೆ ಹಿಟ್ಟು ಹಾಕಿದ್ರೆ ಹೂಕೋಸಿನ ಬಜ್ಜಿ ಆಗುತ್ತೆ. ರಾಗಿ ಹಾಕೋವ್ರೂ ಇದ್ದಾರೆ. ಒಬ್ಬರ ತಟ್ಟೆಗೆ ಬರೋದು ಎರಡು ಚಮಚ ಹಿಟ್ಟು, ಅಷ್ಟರಲ್ಲಿ ರಾಗಿಯಿಂದ ಸಿಗೋ ಲಾಭ ತೀರಾ ಅಲ್ಪ, ರಾಗಿ ಬೇಕಿದ್ರೆ ಮುದ್ದೆ ಮಾಡಿ ತಿನ್ನಿ. ಇಲ್ಲಿ ಹಿಟ್ಟಿನ ಕೆಲಸ ಗರಿಗರಿ ಮಾಡೋದಷ್ಟೇ. ನಾಲ್ಕು ಟೇಬಲ್ ಸ್ಪೂನ್ ನುಣ್ಣನೆಯ ಅಕ್ಕಿ ಹಿಟ್ಟು, ಮೂರು ಟೇಬಲ್ ಸ್ಪೂನ್ ಕಾರ್ನ್ ಫ್ಲೋರ್, ಒಂದು ಟೀ ಸ್ಪೂನ್ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಕಾಲು ಟೀ ಸ್ಪೂನ್ ಉಪ್ಪು. ಇಡೀ ಅಡುಗೆಗೆ ಉಪ್ಪು ಇಷ್ಟೇ. ಬ್ಯಾಡಗಿ ಪುಡಿ ಒಂದು ಟೀ ಸ್ಪೂನ್, ಆದ್ರೆ ನೇರವಾಗಿ ಹಾಕ್ಬೇಡಿ. ಮೆಣಸಿನಕಾಯಿಯ ಕೆಂಪು ಕರಗೋದು ಎಣ್ಣೆಯಲ್ಲಿ. ಒಂದು ಟೀ ಸ್ಪೂನ್ ಎಣ್ಣೆ ಉಗುರುಬೆಚ್ಚಗೆ ಮಾಡಿ, ಪುಡಿ ಕದಡಿ, ಎರಡು ನಿಮಿಷ ಬಿಟ್ಟು ಹಿಟ್ಟಿಗೆ ಸೇರಿಸಿ. ಎಣ್ಣೆ ಹೊಗೆಯಾಡಿದ್ರೆ ಪುಡಿ ಸೀದು ಕಂದು ಬಣ್ಣಕ್ಕೆ ತಿರುಗುತ್ತೆ, ಕಹಿಯೂ ಆಗುತ್ತೆ. ನೀರು ಐದಾರು ಟೇಬಲ್ ಸ್ಪೂನ್, ಒಂದೊಂದಾಗಿ ಹಾಕಿ. ಹೂಕೋಸು ಅದ್ದಿ ಎತ್ತಿದಾಗ ಹಿಟ್ಟಿನೊಳಗಿಂದ ಹೂವಿನ ಆಕಾರ ಕಾಣ್ಬೇಕು, ಅದೇ ಹದ.

ಬೇಯಿಸೋಕೆ ನನ್ನ ಓಟು ಪಡ್ಡಿನ ಹೆಂಚಿಗೆ. ಕಬ್ಬಿಣದ್ದಾದ್ರೆ ಇನ್ನೂ ಒಳ್ಳೇದು. ಚೆನ್ನಾಗಿ ಕಾಯಿಸಿ, ಒಂದೊಂದು ಗುಳಿಗೆ ಅರ್ಧ ಟೀ ಸ್ಪೂನ್ ಎಣ್ಣೆ ಬಿಡಿ, ಒಂದೊಂದು ತುಂಡು ಇಡಿ. ಗುಳಿಯ ಬಿಸಿ ತುಂಡಿನ ಸುತ್ತಲೂ ತಾಕುತ್ತೆ, ಚಪ್ಪಟೆ ತವಾದಲ್ಲಿ ಇದು ಸಿಗಲ್ಲ. ಮಧ್ಯಮ ಉರಿ, ಮುಚ್ಚಳ ಮುಚ್ಚಿ ಮೂರು ನಿಮಿಷ, ತೆಗೆದು ತಿರುವಿ, ಮುಚ್ಚದೆ ನಾಲ್ಕು ನಿಮಿಷ. ಕಡ್ಡಿಯಿಂದ ತಳ್ಳಿದಾಗ ತಾನಾಗೇ ಜಾರಿ ತಿರುಗ್ಬೇಕು. ಅಂಟ್ಕೊಂಡಿದ್ರೆ ಇನ್ನೂ ಆಗಿಲ್ಲ ಅಂತ. ಕೆರೆದು ಎಬ್ಬಿಸಿದ್ರೆ ಹೊದಿಕೆ ಹೆಂಚಲ್ಲೇ ಉಳಿಯುತ್ತೆ.

ಏರ್ ಫ್ರೈಯರ್ ಇರೋವ್ರು ಈ ನೀರು ಹಿಟ್ಟನ್ನ ಅದಕ್ಕೆ ಹಾಕ್ಬೇಡಿ, ಜಾಲರಿಯಿಂದ ತೊಟ್ಟಿಕ್ಕುತ್ತೆ, ಮೇಲೆ ಬಿಳಿಬಿಳಿ ಹಸಿ ಹಿಟ್ಟು ಉಳಿಯುತ್ತೆ. ಹೂಕೋಸಿಗೆ ಬ್ಯಾಡಗಿ ಪುಡಿ ಕದಡಿದ ಎರಡು ಟೀ ಸ್ಪೂನ್ ಎಣ್ಣೆ ಸವರಿ, ಒಣ ಹಿಟ್ಟು ಉದುರಿಸಿ ಹೊರಳಾಡಿಸಿ, 180 ಡಿಗ್ರಿಯಲ್ಲಿ ಸುಮಾರು 15 ನಿಮಿಷ, ನಡುವೆ ಒಂದ್ಸಲ ಅಲುಗಾಡಿಸಿ. ಕರಿದೇ ತಿನ್ಬೇಕು ಅನ್ನೋ ದಿನ ಧೈರ್ಯವಾಗಿ ಕರೀರಿ, ಎಣ್ಣೆ ಮಾತ್ರ 175 ಡಿಗ್ರಿ ಆಸುಪಾಸು ಇರಲಿ. ಹೆದರಿ ಸಣ್ಣ ಉರಿಯಲ್ಲಿ ಕರಿದ್ರೇನೇ ಎಣ್ಣೆ ಜಾಸ್ತಿ ಕುಡಿಯೋದು.

ಈಗ ಸಾಸ್. ಆರು ಬ್ಯಾಡಗಿ ಮೆಣಸಿನಕಾಯಿ ಬೀಜ ಉದುರಿಸಿ ಬಿಸಿ ನೀರಲ್ಲಿ ನೆನೆಸಿ, ಎರಡು ಹಣ್ಣು ಟೊಮೇಟೊ ಜೊತೆ ನುಣ್ಣಗೆ ರುಬ್ಬಿ. ಇದು ಕೆಚಪ್, ಚಿಲ್ಲಿ ಸಾಸ್ ಎರಡರ ಜಾಗಕ್ಕೆ. ಒಂದು ಟೇಬಲ್ ಸ್ಪೂನ್ ಎಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಎಂಟು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಎರಡು ಹಸಿಮೆಣಸಿನಕಾಯಿ. ಬೆಳ್ಳುಳ್ಳಿ ಅಂಚು ಕೆಂಪಾಗೋಕೆ ಶುರುವಾದ ತಕ್ಷಣ ಈರುಳ್ಳಿ, ದೊಣ್ಣೆ ಮೆಣಸಿನಕಾಯಿ ಹಾಕಿ ಜೋರು ಉರಿಯಲ್ಲಿ ಒಂದು ನಿಮಿಷ. ರುಬ್ಬಿದ್ದು ಹಾಕಿ, ಹಸಿ ವಾಸನೆ ಹೋಗಿ ಎಣ್ಣೆ ಬಿಡೋವರೆಗೂ ಬಾಡಿಸಿ. ಇಲ್ಲಿ ಅವಸರ ಬೇಡ. ಸಾಸ್‌ನ ರುಚಿಗೆ ಬೆನ್ನೆಲುಬು ಬರೋದು ಟೊಮೇಟೊ ಬತ್ತಿದಾಗ. ಆಮೇಲೆ ಸೋಯಾ ಸಾಸ್ ಒಂದೂವರೆ ಟೀ ಸ್ಪೂನ್ ಮಾತ್ರ, ಬಾಣಲೆಯ ಕಾದ ಅಂಚಿಗೆ ಬಿಡಿ, ಚುರ್ ಅಂದಾಗ ಘಮ ಏಳುತ್ತೆ. ಅರ್ಧ ಟೀ ಸ್ಪೂನ್ ಬೆಲ್ಲ, ಕಾಳುಮೆಣಸಿನ ಪುಡಿ, ಕೊನೆಗೆ ಒಂದು ಟೀ ಸ್ಪೂನ್ ವಿನೆಗರ್. ಹುಳಿ ಮುಂದಿದ್ರೆ ಉಪ್ಪು ಕಡಿಮೆ ಇರೋದು ನಾಲಿಗೆಗೆ ಅಷ್ಟಾಗಿ ತಿಳಿಯಲ್ಲ. ಈಗ ಸೋಡಿಯಂ ಎಷ್ಟಾಯ್ತು? ಸೋಯಾದಿಂದ 450, ಹಿಟ್ಟಿನ ಉಪ್ಪಿಂದ ಸುಮಾರು 600. ತಲೆಗೆ 260 ಆಸುಪಾಸು. ಮೊದಲಿನದರ ಕಾಲು ಭಾಗ.

ಅಜಿನೊಮೊಟೊ ಬಗ್ಗೆ ಕೇಳೇ ಕೇಳ್ತೀರ. ಅದು ಗ್ಲುಟಮೇಟ್ ಅನ್ನೋ ರುಚಿ ಕೊಡೋ ಪದಾರ್ಥದ ಸೋಡಿಯಂ ಲವಣ. ಗ್ಲುಟಮೇಟ್ ಟೊಮೇಟೊದಲ್ಲೂ ಸೋಯಾ ಸಾಸ್‌ನಲ್ಲೂ ಸಹಜವಾಗಿ ಇರೋದೇ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡಾ ಅದನ್ನ ಸಮುದ್ರ ಪಾಚಿಯಿಂದ ಬೇರ್ಪಡಿಸಿದ್ರು. ಅಜಿನೊಮೊಟೊದಲ್ಲಿ ಸೋಡಿಯಂ ಉಪ್ಪಿನಲ್ಲಿರೋದರ ಮೂರನೇ ಒಂದು ಭಾಗ ಅಷ್ಟೇ. ಅದನ್ನ ವಿಷ ಅಂತ ದೂರ ಇಟ್ಟು, ಆ ಜಾಗಕ್ಕೆ ಸೋಯಾ ಸಾಸ್ ಸುರಿಯೋದು ನನಗೆ ಸರಿ ಕಾಣಲ್ಲ. ಈ ಪಾಕಕ್ಕೆ ಅದರ ಅಗತ್ಯವೂ ಇಲ್ಲ.

ಅಸಲಿ ರುಚಿ ಕೆಡುತ್ತೆ ಅನ್ನೋ ವಾದಕ್ಕೆ ಒಂದೇ ಮಾತು. ಮಂಚೂರಿ ಚೀನಾದಿಂದ ಬಂದಿದ್ದಲ್ಲ. ಕೋಲ್ಕತ್ತಾದಲ್ಲಿ ಹುಟ್ಟಿದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಕೋಳಿ ತುಂಡಿಗೆ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ, ಗರಂ ಮಸಾಲೆ ಬಿಟ್ಟು ಸೋಯಾ ಸಾಸ್ ಸೇರಿಸಿ ಮಾಡಿದ್ದು. ಅದಕ್ಕೆ ಹೂಕೋಸು ಬಂದಿದ್ದು ಆಮೇಲೆ. ಇಷ್ಟೆಲ್ಲ ಬದಲಾಗಿ ಬಂದ ತಿಂಡಿಗೆ ಪಡ್ಡಿನ ಹೆಂಚು ಹೊಸದೇನಲ್ಲ.

ಕೊನೇ ಹಂತ. ಒಂದು ಟೀ ಸ್ಪೂನ್ ಕಾರ್ನ್ ಫ್ಲೋರ್ ಕಾಲು ಕಪ್ ತಣ್ಣೀರಲ್ಲಿ ಕದಡಿ, ಸಾಸ್ ಕುದಿಯುವಾಗ ಹಾಕಿ. ಹೊಳಪು ಬಂದ ಕೂಡ್ಲೇ ಒಲೆ ಆರಿಸಿ. ಜಾಸ್ತಿ ಹಾಕಿದ್ರೆ ಗೋಂದಾಗುತ್ತೆ. ತಟ್ಟೆ ಹಿಡ್ಕೊಂಡು ಜನ ಕೂತ ಮೇಲಷ್ಟೇ ಗೋಬಿ ಬೆರೆಸಿ, ಸ್ಪ್ರಿಂಗ್ ಆನಿಯನ್ ಉದುರಿಸಿ ಕೊಡಿ. ಮಕ್ಕಳ ಡಬ್ಬಿಗೆ ಹಾಕೋದಾದ್ರೆ ಗೋಬಿ ಪೂರ್ತಿ ಆರಿದ ಮೇಲೆ ಬೇರೆ, ಸಾಸ್ ಬೇರೆ ಕಟ್ಟಿ. ಉಳಿದ ಸಾಸ್ ಫ್ರಿಜ್ಜಲ್ಲಿ ಮೂರು ದಿನ ಇರುತ್ತೆ, ಮಾರನೇ ದಿನ ಪನೀರಿಗೋ ಅಣಬೆಗೋ ಆಗುತ್ತೆ.